ಎಲ್‌ಕೆಜಿ, ಯುಕೆಜಿ ಮಕ್ಕಳ ಸಂಕ್ರಾಂತಿ ವಾರ: ಕಬ್ಬಿನ ಗಿಣ್ಣಿನಿಂದ ಎಳ್ಳು ಬೀರುವವರೆಗೆ

ಸಂಕ್ರಾಂತಿ ಬರುವುದು ಜನವರಿ 14ಕ್ಕೆ, ಇಲ್ಲವೇ 15ಕ್ಕೆ. ಹಬ್ಬದ ದಿನ ರಜೆ. ಹಾಗಾಗಿ ತರಗತಿಯಲ್ಲಿ ಏನು ಮಾಡಿಸುವುದಿದ್ದರೂ ಅದಕ್ಕೆ ಹಿಂದಿನ ಐದು ಶಾಲಾ ದಿನಗಳನ್ನೇ ಇಟ್ಟುಕೊಳ್ಳಬೇಕು. ಐದನೇ ದಿನ ಎಳ್ಳು ಬೀರುವುದು ಎಂದು ಮೊದಲು ಗೊತ್ತುಮಾಡಿ, ಮಿಕ್ಕಿದ್ದನ್ನು ಅಲ್ಲಿಂದ ಹಿಂದಕ್ಕೆ ಜೋಡಿಸುತ್ತಾ ಬನ್ನಿ.

ಮಂಡ್ಯ, ಮೈಸೂರು ಕಡೆಯ ಶಾಲೆಗೆ ಈ ಹಬ್ಬದ ಸಾಮಾನೆಲ್ಲ ಕೈಗೆಟಕುವಷ್ಟು ಹತ್ತಿರ. ಗದ್ದೆಯಲ್ಲಿ ಕಬ್ಬು, ಸಂತೆಯಲ್ಲಿ ಸೊಗಡಿನ ಅವರೆಕಾಯಿ, ಊರಾಚೆ ಆಲೆಮನೆ, ಎಷ್ಟೋ ಮಕ್ಕಳ ಮನೆಯಲ್ಲೇ ದನ. ಇಷ್ಟಿದ್ದೂ ಬಹಳ ಕಡೆ ಆ ವಾರ ಡ್ಯಾನ್ಸ್ ಪ್ರಾಕ್ಟೀಸಿಗೇ ಹೋಗಿಬಿಡುತ್ತದೆ. ನಾಲ್ಕು, ಐದು ವರ್ಷದ ಮಗುವಿಗೆ ವೇದಿಕೆಗಿಂತ ಕೈಗೆ ಕೆಲಸ ಬೇಕು. ಸುಲಿಯುವುದು, ಆರಿಸುವುದು, ಅಳೆಯುವುದು, ಹಂಚುವುದು ಇವೇ ಆ ವಯಸ್ಸಿನ ಗಣಿತ. ಮುಂದೆ ಪೆನ್ಸಿಲ್ ಹಿಡಿಯಬೇಕಾದ ಬೆರಳಿಗೆ ಇವೇ ಕಸರತ್ತು. ವಾರಪೂರ್ತಿ ಮಕ್ಕಳು ಮಾಡಿದ ಕೆಲಸವೇ ಕೊನೆಯ ದಿನ ತಟ್ಟೆಯಲ್ಲಿ ಬಂದು ಕೂರಬೇಕು. ಅದಷ್ಟು ಆದರೆ ಬೇರೆ ಕಾರ್ಯಕ್ರಮವೇ ಬೇಡ.

ಇಲ್ಲಿ ಕೊಟ್ಟಿರುವ ಅಳತೆಗಳೆಲ್ಲ 20 ಮಕ್ಕಳು, ಒಬ್ಬ ಮಿಸ್, ಒಬ್ಬ ಆಯಾ ಇರುವ ತರಗತಿಗೆ. ಒಂದು ಚಟುವಟಿಕೆಗೆ 12ರಿಂದ 15 ನಿಮಿಷ ಸಾಕು. ಅದಕ್ಕಿಂತ ಎಳೆದರೆ ಹಿಂದಿನ ಸಾಲು ಎದ್ದು ಓಡಾಡಲು ಶುರುಮಾಡುತ್ತದೆ.

ಮೊದಲು ಮನೆಗೆ ಚೀಟಿ

ಒಂದು ವಾರ ಮೊದಲೇ ಡೈರಿಯಲ್ಲಿ ಚೀಟಿ ಅಂಟಿಸಿ. ಅದರಲ್ಲಿ ಮುಖ್ಯವಾಗಿ ಕೇಳಬೇಕಾದ್ದು, ಮಗುವಿಗೆ ಕಡಲೆಕಾಯಿ ಬೀಜ ಅಥವಾ ಎಳ್ಳು ಆಗಿಬರುತ್ತದೆಯೇ ಎಂದು. ಮೈಮೇಲೆ ದದ್ದು ಏಳುವುದು, ತುಟಿ ಊದುವುದು, ವಾಂತಿಯಾಗುವುದು ಹಿಂದೆ ಯಾವಾಗಲಾದರೂ ಆಗಿದೆಯೇ ಎಂದು ಬಿಡಿಸಿ ಕೇಳಿ. ಬರೀ ‘ಅಲರ್ಜಿ ಇದೆಯೇ’ ಎಂದರೆ ಎಲ್ಲರೂ ಇಲ್ಲ ಎಂದೇ ಬರೆದು ಕಳಿಸುತ್ತಾರೆ. ಒಂದು ಮಗುವಿಗೆ ಇದೆ ಎಂದರೂ ಆ ಸಾಮಾನು ಆ ಕೋಣೆಗೇ ಬರಬಾರದು. ಕೊಬ್ಬರಿ, ಹುರಿಗಡಲೆ, ಬೆಲ್ಲ, ಪುರಿ ಸೇರಿಸಿದರೂ ಹಬ್ಬದ ತಟ್ಟೆಯೇ ಆಗುತ್ತದೆ. ಒಂದು ಮಗುವನ್ನು ಮೂಲೆಯಲ್ಲಿ ಕೂರಿಸಿ ಮಿಕ್ಕವರಿಗೆ ಹಂಚುವುದು ಮಾತ್ರ ಬೇಡ.

ಸಾಮಾನು ತರಲು ಎಲ್ಲರಿಗೂ ಹೇಳಬೇಡಿ. ಹೇಳಿದರೆ ಐದು ಕೆಜಿ ಬೆಲ್ಲ ಬರುತ್ತದೆ, ಎಳ್ಳು ಬರುವುದಿಲ್ಲ. ಶಾಲೆಯೇ ಒಟ್ಟಿಗೆ ತರಲಿ. ಮನೆಯಿಂದ ಬೇಕಾಗಿರುವುದು ಮಗುವಿನ ಹೆಸರು ಬರೆದ ಒಂದು ಸ್ಟೀಲ್ ಬಟ್ಟಲು, ಒಂದು ಹಳೇ ಟವೆಲ್, ಯಾರ ಮನೆಯಲ್ಲಾದರೂ ಸಕ್ಕರೆ ಅಚ್ಚಿನ ಮರದ ಅಚ್ಚುಗಳಿದ್ದರೆ ನಾಲ್ಕು ದಿನದ ಮಟ್ಟಿಗೆ ಅವು. ಹಬ್ಬದ ಬಟ್ಟೆ ಐದನೇ ದಿನ ಮಾತ್ರ ಎಂದು ಬರೆಯಿರಿ; ಇಲ್ಲವಾದರೆ ಹೊಸ ಲಂಗಕ್ಕೆ ಬಣ್ಣ ತಾಗಿತೆಂದು ಮಗು ಅತ್ತುಕೊಂಡು ಹೋಗುತ್ತದೆ. ಇದನ್ನು ಸುಗ್ಗಿಯ ಹಬ್ಬ ಎಂದೇ ಚೀಟಿಯಲ್ಲಿ ಹೇಳಿ. ಬೆಳೆ ಮನೆಗೆ ಬಂದ ಖುಷಿಯನ್ನು ಹಂಚಿಕೊಳ್ಳುವುದರಲ್ಲಿ ಎಲ್ಲ ಮನೆಯ ಮಕ್ಕಳೂ ಸೇರುತ್ತಾರೆ.

ಕಾಳು ಗಂಟಲಿಗೆ, ಮೂಗಿಗೆ ಹೋಗದಂತೆ

ಈ ವಾರದ ದೊಡ್ಡ ಅಪಾಯ ಬೆಂಕಿಯೂ ಅಲ್ಲ, ಕತ್ತಿಯೂ ಅಲ್ಲ, ಇಡೀ ಕಡಲೆಬೀಜ. ಐದು ವರ್ಷದೊಳಗಿನ ಮಕ್ಕಳಿಗೆ ಅಗಿದು ನುಂಗುವ ಅಭ್ಯಾಸ ಇನ್ನೂ ಕುದುರಿರುವುದಿಲ್ಲ, ಶ್ವಾಸನಾಳವೂ ಸಣ್ಣದು. ನಗುತ್ತಲೋ ಓಡುತ್ತಲೋ ತಿಂದರೆ ಬೀಜ, ಹುರಿಗಡಲೆ, ಗಟ್ಟಿ ಕೊಬ್ಬರಿ ಚೂರು ಗಾಳಿಯ ದಾರಿಗೆ ಹೋಗುತ್ತವೆ. ಅದಕ್ಕೆ ಒಂದೇ ಕಟ್ಟುಪಾಡು: ಪೊಟ್ಟಣ ದೊಡ್ಡವರಿಗೆ, ಪುಡಿ ಮಕ್ಕಳಿಗೆ. ತರಗತಿಯಲ್ಲಿ ಮಕ್ಕಳು ತಿನ್ನುವ ಎಳ್ಳು ಬೆಲ್ಲವನ್ನು ಮಿಕ್ಸಿಯಲ್ಲಿ ನುಣ್ಣಗೆ ತಿರುವಿ ಇಡಿ. ಅದನ್ನೂ ಕೂತೇ ತಿನ್ನಬೇಕು.

ಹಾಗಿದ್ದೂ ಸಿಕ್ಕಿಹಾಕಿಕೊಂಡರೆ, ಮಗು ಕೆಮ್ಮುತ್ತಿರುವಷ್ಟು ಹೊತ್ತು ಕೆಮ್ಮಲು ಬಿಡಿ. ಕೆಮ್ಮಲೂ ಆಗದೆ, ದನಿಯೂ ಹೊರಡದಿದ್ದರೆ ಮುಂದಕ್ಕೆ ಬಾಗಿಸಿ ಬೆನ್ನಿನ ಎರಡು ರೆಕ್ಕೆಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಸಲ ಬಲವಾಗಿ ತಟ್ಟಿ. ಹೊರಬರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗೆ ಸ್ವಲ್ಪ ಮೇಲೆ ಮುಷ್ಟಿ ಇಟ್ಟು, ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಿ. ಹೊರಬರುವವರೆಗೆ ಎರಡನ್ನೂ ಒಂದಾದ ಮೇಲೊಂದು ಮಾಡುತ್ತಿರಿ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಆಯಾಗೂ ಇದನ್ನು ಮೊದಲೇ ಮಾಡಿ ತೋರಿಸಿರಿ.

ಕಾಳು ಮೂಗಿಗೆ ಹೋಗುವುದು ಇನ್ನೂ ಮಾಮೂಲು. ಹೇರ್‌ಪಿನ್ನೋ ಚಿಮಟವೋ ಹಾಕಿದರೆ ಇನ್ನಷ್ಟು ಒಳಕ್ಕೆ ಹೋಗುತ್ತದೆ. ಬಾಯಲ್ಲಿ ಉಸಿರೆಳೆದುಕೊಳ್ಳಲು ಹೇಳಿ, ಇನ್ನೊಂದು ಹೊಳ್ಳೆ ಮುಚ್ಚಿ ಮೂಗಿಂದ ಮೆಲ್ಲಗೆ ಗಾಳಿ ಊದಲು ಹೇಳಿ. ಒಂದೆರಡು ಸಲದಲ್ಲಿ ಬರದಿದ್ದರೆ ನೇರ ಡಾಕ್ಟರ ಹತ್ತಿರ. ಒದ್ದೆಗೆ ಕಾಳು ಊದಿಕೊಳ್ಳುವುದರಿಂದ ಸಾಯಂಕಾಲದವರೆಗೆ ಕಾಯುವುದು ತಪ್ಪು.

ಮೊದಲನೇ ದಿನ: ಕಬ್ಬು

ಎರಡು ಜಲ್ಲೆ ಸಾಕು. ಒಂದನ್ನು ಸೋಗೆ ಸಮೇತ ಕಿಟಕಿ ಸರಳಿಗೆ ಕಟ್ಟಿ. ಸೋಗೆಯ ಅಂಚು ಸಣ್ಣ ಗರಗಸವೇ. ಮಕ್ಕಳ ಕೈಗೆ ಸಿಗುವ ಎತ್ತರದ ಸೋಗೆಯನ್ನೆಲ್ಲ ಮೊದಲೇ ಸವರಿಬಿಡಿ. ಇನ್ನೊಂದು ಜಲ್ಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ನೆಲದ ಮೇಲೆ ಉದ್ದಕ್ಕೆ ಮಲಗಿಸಿ.

ಮಕ್ಕಳು ಸಾಲಾಗಿ ಬಂದು ಗೇಣು ಹಾಕಿ ಅಳೆಯಲಿ. ಆರಡಿಯ ಜಲ್ಲೆ ಮಗುವಿಗೆ ಸುಮಾರು 15 ಗೇಣು ಬರುತ್ತದೆ, ಮಿಸ್ ಹಾಕಿದರೆ 9ಕ್ಕೇ ಮುಗಿಯುತ್ತದೆ. ಕಬ್ಬು ಅದೇ, ಲೆಕ್ಕ ಮಾತ್ರ ಬೇರೆ ಯಾಕೆ ಎಂದು ಕೇಳಿ ಸುಮ್ಮನಿರಿ. ಕೈ ಪಕ್ಕ ಕೈ ಇಟ್ಟು ನೋಡುವ ಯೋಚನೆ ಯಾವುದಾದರೊಂದು ಮಗುವಿಗೆ ಹೊಳೆಯುತ್ತದೆ. ಉತ್ತರ ನೀವೇ ಹೇಳಿಬಿಟ್ಟರೆ ಆ ದಿನದ ಪಾಠ ಅಲ್ಲಿಗೇ ಹೋಯಿತು. ಆಮೇಲೆ ಗಿಣ್ಣು ಎಣಿಸುವುದು. ಎಣಿಸಿದ ಗಿಣ್ಣಿಗೆ ಸುಣ್ಣದ ಬೊಟ್ಟಿನ ಬದಲು ಸೀಮೆಸುಣ್ಣದ ಗುರುತು ಹಾಕಿಸಿ. ಸುಣ್ಣ ಕಣ್ಣಿಗೆ ತಾಗಿದರೆ ಕಷ್ಟ.

ಅಚ್ಚೊತ್ತುವುದಕ್ಕೆ ಎರಡು ಗಿಣ್ಣುಗಳ ನಡುವಿನ ಭಾಗದಿಂದ ಎರಡು ಅಂಗುಲದ ತುಂಡು ಕತ್ತರಿಸಿ, ಒಂದು ಗಂಟೆ ಪೇಪರ್ ಮೇಲೆ ನಿಲ್ಲಿಸಿಡಿ. ಹಸಿ ರಸ ಹಾಗೇ ಇದ್ದರೆ ಬಣ್ಣ ನೀರಾಗಿ ಹರಡುತ್ತದೆ, ಮಾರನೇ ದಿನ ಆ ಚಿತ್ರಕ್ಕೆ ಇರುವೆಯೂ ಮುತ್ತುತ್ತದೆ. ಬಣ್ಣವನ್ನು ತಟ್ಟೆಗೆ ಸುರಿಯಬೇಡಿ. ತೆಳು ಸ್ಪಂಜಿಗೆ ಗಟ್ಟಿ ಪೋಸ್ಟರ್ ಬಣ್ಣ ಸವರಿ ಅದರ ಮೇಲೆ ಒತ್ತಿಸಿ. ಸರಿಯಾಗಿ ಬಂದ ಅಚ್ಚಿನಲ್ಲಿ ಬರೀ ವೃತ್ತವಲ್ಲ, ಒಳಗೆ ನಾರಿನ ಚುಕ್ಕಿಗಳೂ ಕಾಣುತ್ತವೆ. ಮಕ್ಕಳು ಅದನ್ನು ಮೂಗಿನ ಹತ್ತಿರ ತಂದು ನೋಡುವುದನ್ನು ತಡೆಯಬೇಡಿ.

ಇದೇ ದಿನ ಕಬ್ಬಿನ ನಾಲ್ಕೈದು ಕಣ್ಣು, ಅಂದರೆ ಗಿಣ್ಣಿನಲ್ಲಿರುವ ಮೊಗ್ಗು, ನೆಡಿ. ಜಲ್ಲೆಯ ಬುಡಕ್ಕಿಂತ ಮೇಲಿನ ಅರ್ಧದ ಕಣ್ಣುಗಳು ಚೆನ್ನಾಗಿ ಮೊಳೆಯುತ್ತವೆ. ಹಬ್ಬಕ್ಕೆ ಮಾರಲು ತಂದ ಕಬ್ಬಿನಲ್ಲಿ ಉಜ್ಜಾಡಿ ಕಣ್ಣು ಕಿತ್ತುಹೋಗಿರುವುದು ಹೆಚ್ಚು, ನೋಡಿ ಆರಿಸಿ. ಗಿಣ್ಣು ನಡುವಿಗೆ ಬರುವಂತೆ ಮೂರು ಅಂಗುಲದ ತುಂಡು ಮಾಡಿ, ತಳಕ್ಕೆ ತೂತು ಮಾಡಿದ ಡಬ್ಬದಲ್ಲಿ ಮೂರು ಪಾಲು ಮಣ್ಣು, ಒಂದು ಪಾಲು ಗೊಬ್ಬರ ತುಂಬಿ, ತುಂಡನ್ನು ಅಡ್ಡ ಮಲಗಿಸಿ. ಕಣ್ಣು ಪಕ್ಕಕ್ಕೋ ಮೇಲಕ್ಕೋ ಇರಲಿ, ಕೆಳಕ್ಕೆ ಬೇಡ. ಮೇಲೆ ಒಂದು ಅಂಗುಲ ಮಣ್ಣು. ದಿನಕ್ಕೊಬ್ಬರಂತೆ ಎರಡು ಚಮಚ ನೀರು.

ಕಬ್ಬು ಜಗಿಯಲು ಕೊಡುವ ಬದಲು ಐಸ್ ಹಾಕದ, ಆಗಷ್ಟೇ ಹಿಂಡಿದ ಹಾಲನ್ನು ಎರಡೆರಡು ಗುಟುಕು ಕುಡಿಸಿ. ಬೆಲ್ಲ ಎಲ್ಲಿಂದ ಬರುತ್ತದೆ ಎಂಬುದಕ್ಕೆ ನಾಲ್ಕು ಚಿತ್ರದ ಕಾರ್ಡು ಸಾಕು: ಗದ್ದೆ, ಗಾಣ, ಕೊಪ್ಪರಿಗೆ, ಅಚ್ಚು. ಕಲಸಿಕೊಟ್ಟು ಸಾಲಿಗೆ ಜೋಡಿಸಲು ಹೇಳಿ. ಹತ್ತು ಕೆಜಿ ಕಬ್ಬಿಗೆ ಸುಮಾರು ಒಂದು ಕೆಜಿ ಬೆಲ್ಲ ಎಂದು ತೋರಿಸಲು ಒಂದು ಅಚ್ಚು ಬೆಲ್ಲದ ಪಕ್ಕ ಹತ್ತರಷ್ಟು ತೂಕದ ಕಬ್ಬಿನ ತುಂಡು ಗುಡ್ಡೆ ಹಾಕಿ. ಯುಕೆಜಿ ಮಕ್ಕಳು ಇದನ್ನು ಬೇಗ ಹಿಡಿಯುತ್ತಾರೆ. ಮಂಡ್ಯದ ಮಕ್ಕಳಿಗೆ ಮೈಷುಗರ್ ಹೆಸರು ಕಿವಿಗೆ ಬಿದ್ದೇ ಇರುತ್ತದೆ. 1933ರಲ್ಲಿ ಶುರುವಾದ ಆ ಕಾರ್ಖಾನೆಯ ಚಿತ್ರ ಗೋಡೆಗೆ ಅಂಟಿಸಿದರೆ ‘ನಮ್ಮ ತಾತ ಅಲ್ಲಿಗೆ ಕಬ್ಬು ಹೊಡೀತಿದ್ರು’ ಎನ್ನುವ ಮಗು ಒಂದಾದರೂ ಇರುತ್ತದೆ. ಆಲೆಮನೆಗೆ ಕರೆದುಕೊಂಡು ಹೋಗುವ ಆಸೆ ಇದ್ದರೆ ಐದು ಮಕ್ಕಳಿಗೊಬ್ಬ ದೊಡ್ಡವರು ಇರಲೇಬೇಕು. ಕುದಿಯುವ ಕೊಪ್ಪರಿಗೆ ನೆಲಮಟ್ಟದಲ್ಲೇ ಇರುತ್ತದೆ. ಹತ್ತಡಿ ದೂರದಲ್ಲಿ ಹಗ್ಗ ಕಟ್ಟಿಸಿಯೇ ಒಳಗೆ ಬಿಡಿ. ಅಷ್ಟು ಜನ ಇಲ್ಲವೆಂದರೆ ಹೋಗಬೇಡಿ.

ಎರಡು, ಮೂರನೇ ದಿನ: ಅವರೆಕಾಯಿ, ಹಿತಕಿದ ಬೇಳೆ

ಬೆರಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಅಂಗಡಿಯಲ್ಲಿ ಸಿಗುವ ಯಾವ ಆಟದ ಸಾಮಾನಿನಲ್ಲೂ ಇಲ್ಲ. ಒಂದೂವರೆ ಕೆಜಿ ಕಾಯಿ ತನ್ನಿ. ತಲೆಗೆ ಹತ್ತು ಕಾಯಿ ಬರುತ್ತದೆ. ಬಲಿತ, ಉಬ್ಬಿದ ಕಾಯಿ ಆರಿಸಿ. ಎಳೆಯ ಕಾಯಿ ಬಾಗುತ್ತದೆಯೇ ಹೊರತು ಬಾಯಿ ಬಿಡುವುದಿಲ್ಲ. ನಾಲ್ಕು ವರ್ಷದ ಮಕ್ಕಳಿಗೆ ತುದಿ ಮುರಿದು ನಾರು ಎಳೆದುಕೊಡಿ, ಐದು ವರ್ಷದವರು ತಾವೇ ಮಾಡುತ್ತಾರೆ.

ಸುಲಿಯುವಾಗ ಪ್ರತಿ ಕಾಯಿಯಲ್ಲಿ ಎಷ್ಟು ಕಾಳಿದೆ ಎಂದು ಎಣಿಸಿ, ಸಿಪ್ಪೆಯನ್ನು ನೆಲದ ಮೇಲೆ ಬರೆದ 2, 3, 4, 5 ಎಂಬ ಮನೆಗಳಲ್ಲಿ ಒಂದರ ಮೇಲೊಂದು ಸಾಲಾಗಿ ಇಡಿಸಿ. ಹತ್ತು ನಿಮಿಷದಲ್ಲಿ ನಾಲ್ಕು ಸಾಲು ಬೆಳೆದು ನಿಲ್ಲುತ್ತವೆ. ಯಾವ ಸಾಲು ಉದ್ದ, ಯಾವುದು ಗಿಡ್ಡ ಎಂದು ಮಕ್ಕಳೇ ಹೇಳುತ್ತಾರೆ. ಬೋರ್ಡಿನ ಮೇಲೆ ಹತ್ತು ದಿನ ಹೇಳಿಕೊಟ್ಟರೂ ತಲೆಗೆ ಹೋಗದ ‘ಹೆಚ್ಚು, ಕಡಿಮೆ’ ಇಲ್ಲಿ ಕಣ್ಣಿಗೆ ಕಾಣುತ್ತದೆ. ಹುಳ ಬಂದರೆ ಗಾಬರಿಯಾಗಿ ಎಸೆಯಬೇಡಿ. ಒಂದು ಗಾಜಿನ ಲೋಟಕ್ಕೆ ಹಾಕಿ ಎಲ್ಲರಿಗೂ ತೋರಿಸಿ. ಅದು ಕಾಯಿಗೆ ಮಾಡಿದ ತೂತನ್ನು ಹುಡುಕಲು ಹೇಳಿದರೆ ಅರ್ಧ ತರಗತಿ ಅದರಲ್ಲೇ ಮುಳುಗುತ್ತದೆ. ಸೊಗಡಿನ ಅಂಟು ಕೈಗೆ ಹತ್ತುವುದರಿಂದ ಸೋಪು ಹಾಕಿ ತೊಳೆಸಿ, ಹಸಿ ಕಾಳು ತಿನ್ನಲು ಬಿಡಬೇಡಿ. ಬೇಯಿಸದ ಅವರೆ ಹೊಟ್ಟೆ ಕೆಡಿಸುತ್ತದೆ.

ಸುಲಿದ ಕಾಳನ್ನು ಸಾಯಂಕಾಲ ಆಯಾ ಮನೆಗೆ ಒಯ್ದು ರಾತ್ರಿ ಮಲಗುವ ಮುಂಚೆ ನೀರಿಗೆ ಹಾಕಲಿ, ಬೆಳಿಗ್ಗೆ ತರಲಿ. ಮಧ್ಯಾಹ್ನವೇ ನೆನೆಹಾಕಿಟ್ಟರೆ ಮಾರನೇ ದಿನಕ್ಕೆ ಲೋಳೆ ಬಂದು ವಾಸನೆ ಹಿಡಿಯುತ್ತದೆ. ನೆನೆದದ್ದು ಸಾಲದಿದ್ದರೆ ಸಿಪ್ಪೆ ಕಾಳಿಗೇ ಅಂಟಿಕೊಂಡು ಮಕ್ಕಳು ಉಗುರು ಹಾಕಿ ಚಚ್ಚಿಬಿಡುತ್ತಾರೆ.

ಹಿತಕುವುದನ್ನು ತೋರಿಸುವಾಗ ನಿಧಾನ ಮಾಡಿ. ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಒಂದು ತುದಿಯಲ್ಲಿ ಒತ್ತಿದರೆ ಇನ್ನೊಂದು ತುದಿಯಿಂದ ಬೇಳೆ ಪುಳಕ್ಕನೆ ಹೊರಗೆ ಹಾರುತ್ತದೆ. ಹಾರುವ ದಿಕ್ಕಿಗೇ ಬಟ್ಟಲನ್ನು ಹತ್ತಿರ ಹಿಡಿಯುವುದು ಮಕ್ಕಳಿಗೆ ಹತ್ತು ಕಾಳಾದ ಮೇಲೆ ತಾನಾಗಿ ಬರುತ್ತದೆ. ಅಲ್ಲಿಯವರೆಗೆ ಬೇಳೆ ಗೋಡೆಗೂ ಹೋಗುತ್ತದೆ, ಪಕ್ಕದವರ ತಲೆಗೂ ಹೋಗುತ್ತದೆ. ಅಂಚಿರುವ ತಟ್ಟೆ ಕೊಟ್ಟು, ನೆಲಕ್ಕೆ ಟವೆಲ್ ಹಾಸಿ, ನಗಲು ಬಿಡಿ. ಬೇಳೆ ಒಂದು ಬಟ್ಟಲಿಗೆ, ಸಿಪ್ಪೆ ಇನ್ನೊಂದಕ್ಕೆ. ಎಡಗೈ, ಬಲಗೈ ಎರಡರಲ್ಲೂ ಮಾಡಿಸಿ. ಒತ್ತಲು ಬಲ ಸಾಲದೆ ಮುಷ್ಟಿಯಲ್ಲಿ ಹಿಚುಕುವ ಮಗು ಕಂಡರೆ ಗಮನಿಸಿ ಇಟ್ಟುಕೊಳ್ಳಿ. ಆ ಮಗುವಿಗೆ ಬರೆಯುವ ಅಭ್ಯಾಸಕ್ಕಿಂತ ಮೊದಲು ಇಂಥ ಬೆರಳ ಕೆಲಸ ಇನ್ನಷ್ಟು ಬೇಕು. ಬೇಳೆಯನ್ನು ತೊಳೆದು ಚೆನ್ನಾಗಿ ಬೇಯಿಸಿ, ಸಪ್ಪಗೆ ಒಂದೊಗ್ಗರಣೆ ಹಾಕಿ, ಊಟದ ಹೊತ್ತಿಗೆ ತಲಾ ಒಂದು ಚಮಚ ಬಡಿಸಿ. ತಾವು ಹಿತಕಿದ ಬೇಳೆಯನ್ನು ಬೇಡ ಎನ್ನುವ ಮಕ್ಕಳು ಕಡಿಮೆ.

ಎರಡನೇ ದಿನ ಮಧ್ಯಾಹ್ನ ಅಚ್ಚಿನ ಕೆಲಸ ಇಟ್ಟುಕೊಳ್ಳಿ. ನಿಜವಾದ ಸಕ್ಕರೆ ಅಚ್ಚನ್ನು ತರಗತಿಯಲ್ಲಿ ಮಾಡುವ ಮಾತೇ ಬೇಡ. ಕುದಿಯುವ ಪಾಕ ಮೈಮೇಲೆ ಬಿದ್ದರೆ ನೀರಿನಂತೆ ಜಾರುವುದಿಲ್ಲ, ಅಂಟಿಕೊಂಡು ಸುಡುತ್ತದೆ. ಅದರ ಬದಲು 2 ಬಟ್ಟಲು ಮೈದಾ, 1 ಬಟ್ಟಲು ಪುಡಿ ಉಪ್ಪು, 1 ಚಮಚ ಎಣ್ಣೆ, ಸುಮಾರು ಮುಕ್ಕಾಲು ಬಟ್ಟಲು ನೀರು ಹಾಕಿ ಚಪಾತಿ ಹಿಟ್ಟಿಗಿಂತ ತುಸು ಗಟ್ಟಿ ಕಲಸಿ. ನೀರು ಒಮ್ಮೆಗೇ ಸುರಿಯಬೇಡಿ. ಮರದ ಅಚ್ಚಿಗೆ ಒಣ ಮೈದಾ ಉದುರಿಸಿ, ಹಿಟ್ಟು ಒತ್ತಿ, ಕವುಚಿ ತಟ್ಟಿದರೆ ಬಿದ್ದುಬಿಡುತ್ತದೆ. ಉದುರಿಸುವುದು ಮರೆತರೆ ಗಿಣಿಯ ಕೊಕ್ಕು, ಕೋಳಿಯ ಜುಟ್ಟು ಅಚ್ಚಿನೊಳಗೇ ಉಳಿಯುತ್ತವೆ. ಕೆಲಸ ಮುಗಿದ ಮೇಲೆ ಅಚ್ಚನ್ನು ಹಳೇ ಟೂತ್‌ಬ್ರಷ್ಷಿನಲ್ಲಿ ಉಜ್ಜಿ ತೊಳೆದು, ನೆರಳಲ್ಲಿ ಒಣಗಿಸಿ ಹಿಂದಿರುಗಿಸಿ. ಒತ್ತಿದ ಹಿಟ್ಟಿನ ದಪ್ಪ ಅರ್ಧ ಅಂಗುಲ ಮೀರಿದರೆ ಒಣಗುವಾಗ ಸೀಳುತ್ತದೆ. ಹಿಟ್ಟಿಗೆ ಅರಿಶಿನವೋ ಬೀಟ್‌ರೂಟ್ ರಸವೋ ಸೇರಿಸಲೇಬೇಕು, ದಾರಕ್ಕೆ ಒಂದು ತೂತನ್ನೂ ಮಾಡಬೇಕು. ಬಿಳಿ ಬಿಟ್ಟರೆ ಸಕ್ಕರೆ ಅಚ್ಚೆಂದೇ ಬಾಯಿಗೆ ಹಾಕಿಕೊಳ್ಳುತ್ತಾರೆ, ಅಷ್ಟು ಉಪ್ಪು ಮಕ್ಕಳ ಹೊಟ್ಟೆಗೆ ಒಳ್ಳೆಯದಲ್ಲ. ಮೂರು ದಿನದ ಬಿಸಿಲಿಗೆ ಒಣಗಿ ಐದನೇ ದಿನ ಬಾಗಿಲಿಗೆ ತೋರಣವಾಗುತ್ತದೆ.

ನಾಲ್ಕನೇ ದಿನ: ಎಳ್ಳು ಬೆಲ್ಲ

ಬಿಳಿ ಎಳ್ಳು 200 ಗ್ರಾಂ, ಕಡಲೆಕಾಯಿ ಬೀಜ 250 ಗ್ರಾಂ, ಹುರಿಗಡಲೆ 250 ಗ್ರಾಂ, ಒಣ ಕೊಬ್ಬರಿ 200 ಗ್ರಾಂ, ಗಟ್ಟಿ ಅಚ್ಚು ಬೆಲ್ಲ 250 ಗ್ರಾಂ. ಇಷ್ಟಕ್ಕೆ ಸುಮಾರು 50 ಗ್ರಾಮಿನ 20 ಪೊಟ್ಟಣ ಆಗಿ, ಮಕ್ಕಳಿಗೆ ಪುಡಿ ಮಾಡಲು ಒಂದಿಷ್ಟು ಮಿಗುತ್ತದೆ. ಕೊಬ್ಬರಿಯ ಕಪ್ಪು ಸಿಪ್ಪೆ ತುರಿದು ತೆಗೆದು ಸಣ್ಣಗೆ ಹೆಚ್ಚಿ, ಬೆಲ್ಲವನ್ನೂ ಹೆಚ್ಚಿ, ಎರಡನ್ನೂ ಬೇರೆಬೇರೆಯಾಗಿ ಎರಡು ದಿನ ಬಿಸಿಲಿಗೆ ಇಡಬೇಕು. ಇದು ದೊಡ್ಡವರ ಕೆಲಸ, ಮೊದಲನೇ ದಿನವೇ ಶುರುಮಾಡಿ. ಹುರಿಯುವುದೂ ಬೇರೆಬೇರೆಯೇ. ಎಳ್ಳು ಸಣ್ಣ ಉರಿಯಲ್ಲಿ ಚಟಪಟ ಎಂದ ಕೂಡಲೇ ಇಳಿಸಿ, ಕೆಂಪಾದರೆ ಕಹಿ. ಎಲ್ಲವೂ ಪೂರ್ತಿ ಆರದೆ ಬೆಲ್ಲ ಸೇರಿಸಿದರೆ ಕರಗಿ ಮುದ್ದೆಯಾಗುತ್ತದೆ. ಎಳ್ಳು ಬೆಲ್ಲ ಕೆಡುವುದು ಬಹುತೇಕ ಈ ಆತುರದಿಂದಲೇ.

ಮಕ್ಕಳಿಗೆ ಮೊದಲು ಜರಡಿ ಕೊಡಿ. ಎಳ್ಳನ್ನೂ ಹುರಿಗಡಲೆಯನ್ನೂ ಬೆರೆಸಿಟ್ಟು ಬೇರೆ ಮಾಡಲು ಹೇಳಿದರೆ ಒಂದೊಂದೇ ಆರಿಸಲು ಕೂರುತ್ತಾರೆ. ಜರಡಿ ಆಡಿಸಿ ತೋರಿಸಿ. ಎಳ್ಳೆಲ್ಲ ಕೆಳಗೆ, ಕಡಲೆಯೆಲ್ಲ ಮೇಲೆ.

ಆಮೇಲೆ ಐದು ಪಾತ್ರೆ ಸಾಲಾಗಿ ಇಟ್ಟು ಪ್ರತಿಯೊಂದರಲ್ಲಿ ಒಂದು ಊಟದ ಚಮಚ, ಮುಂದೆ ‘1’ ಎಂದು ಬರೆದ ಚೀಟಿ. ಮಗು ತನ್ನ ಬಟ್ಟಲು ಹಿಡಿದು ಒಂದೊಂದು ಚಮಚ ಹಾಕಿಕೊಳ್ಳುತ್ತಾ ಬಂದರೆ ಐದನೆಯದರಲ್ಲಿ 50 ಗ್ರಾಂ ಹತ್ತಿರ ಬರುತ್ತದೆ. ಮೊದಲ ಮಗು ಬೆಲ್ಲದ ಹತ್ತಿರವೇ ನಿಂತುಬಿಡುವುದುಂಟು. ಅದಕ್ಕೆ ಬೆಲ್ಲವನ್ನು ಕೊನೆಗೆ, ಮಿಸ್ ಪಕ್ಕಕ್ಕೆ ಇಡಿ. ಎ ಎಳ್ಳು, ಬ ಬೆಲ್ಲ, ಕ ಕಡಲೆ ಎಂದು ಪಾತ್ರೆಗೆ ಅಂಟಿಸಿದ ಅಕ್ಷರವನ್ನು ಓದಿಯೇ ಮುಂದೆ ಹೋಗಲಿ. ಪೊಟ್ಟಣಕ್ಕೆ ಹಳೇ ನ್ಯೂಸ್‌ಪೇಪರ್ ಬೇಡ, ಅದರ ಶಾಯಿ ತಿಂಡಿಗೆ ಹತ್ತುತ್ತದೆ. ಬಿಳಿ ಹಾಳೆಯ ಅರ್ಧ ಭಾಗ ಸಾಕು. ಮಕ್ಕಳು ಕಟ್ಟಿದ ಪೊಟ್ಟಣ ಬಿಚ್ಚಿಕೊಳ್ಳದಂತೆ ಮಡಿಕೆಗೆ ಒಂದು ತೊಟ್ಟು ಗೋಂದು ಹಾಕಿ. ಮುಗಿದದ್ದನ್ನೆಲ್ಲ ರಾತ್ರಿ ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಇಡಿ.

ಐದನೇ ದಿನ: ಕಿಚ್ಚು ಹಾಯುವುದು, ಎಳ್ಳು ಬೀರುವುದು

ಮೈಸೂರು ಪಕ್ಕದ ಸಿದ್ದಲಿಂಗಪುರದಲ್ಲಿ ಸಂಕ್ರಾಂತಿ ಸಂಜೆ ದನಗಳನ್ನು ಕಿಚ್ಚು ಹಾಯಿಸುವುದನ್ನು ನೋಡಿದ ಮಕ್ಕಳು ತರಗತಿಯಲ್ಲಿ ಇರಬಹುದು. ಅವರಿಂದಲೇ ಹೇಳಿಸಿ. ದನದ ಮೈ ತೊಳೆದು, ಅರಿಶಿನ ಬಳಿದು, ಕೊಂಬಿಗೆ ಬಣ್ಣ ಹಚ್ಚಿ, ಹೂವು ಕಟ್ಟುವುದನ್ನು ಒಂದೊಂದಾಗಿ ಕೇಳಿ.

ಆಟಕ್ಕೆ ಬೆಂಕಿ ಬೇಡವೇ ಬೇಡ, ದೀಪವೂ ಬೇಡ. ಮಣ್ಣಿನ ನೆಲದ ಮೇಲೆ ಕೆಂಪು, ಕಿತ್ತಳೆ ಕ್ರೇಪ್ ಕಾಗದದ ಪಟ್ಟಿಗಳನ್ನು ಒಂದಡಿ ಅಗಲಕ್ಕೆ ಹಾಸಿ, ತುದಿಗೆ ಮಣ್ಣು ಒತ್ತಿ. ಟೈಲ್ಸ್ ಮೇಲೆ ಹಾಸಿದರೆ ಜಾರುತ್ತದೆ. ಮುಖವಾಡ ಹಾಕಿದರೆ ಕಾಲ ಕೆಳಗಿನದು ಕಾಣುವುದಿಲ್ಲ. ಚಾರ್ಟ್ ಪೇಪರಿನ ಕೊಂಬು ಅಂಟಿಸಿದ ತಲೆಪಟ್ಟಿ ಸಾಕು. ಒಂದು ಸಲಕ್ಕೆ ಒಂದೇ ‘ಬಸವ’, ಹಾರಿದವರು ಆ ಕಡೆಯೇ ನಿಲ್ಲಬೇಕು. ಲಂಗವನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ. ಹುಡುಗರ ಪಂಚೆಗೆ ಇಲಾಸ್ಟಿಕ್ ಇಲ್ಲದಿದ್ದರೆ ಹಾರುವ ಮೊದಲೇ ಬಿಗಿಯಾಗಿ ಕಟ್ಟಿ.

ರಂಗೋಲಿ ಪುಡಿಯ ಧೂಳು ಮಕ್ಕಳ ಕಣ್ಣು, ಮೂಗಿಗೆ ಹೋಗುತ್ತದೆ. ಬಣ್ಣ ಕಲಸಿ ಒಣಗಿಸಿದ ಅಕ್ಕಿನುಚ್ಚನ್ನು ಕೊಡಿ, 3ರಿಂದ 3 ಚುಕ್ಕಿಯ ಮೇಲೆ ಸುರಿಯಲಿ. ಕೆಲವು ಮನೆಗಳಲ್ಲಿ ಈ ಹಬ್ಬಕ್ಕೆ ಪುಟ್ಟ ಮಕ್ಕಳ ತಲೆಮೇಲೆ ಎಲಚಿ ಹಣ್ಣು, ಕಬ್ಬಿನ ಚೂರು, ಕಾಸು ಎರೆಯುತ್ತಾರೆ; ಶಾಲೆಯಲ್ಲಿ ಅದನ್ನು ಮಾಡುವುದಾದರೆ ಹೂವಿನ ಎಸಳಿನಲ್ಲಿ ಮಾಡಿ.

ಎಳ್ಳು ಬೀರುವುದಕ್ಕೆ ಹೆಸರಿನ ಪಟ್ಟಿ ಮೊದಲೇ ಸಿದ್ಧವಿರಲಿ: ಆಯಾ, ಗೇಟಿನ ತಾತ, ವ್ಯಾನ್ ಅಂಕಲ್, ಆಫೀಸಿನವರು, ಐದನೇ ಕ್ಲಾಸಿನ ಅಕ್ಕ, ಅಣ್ಣಂದಿರು. ಒಂದು ಮಗುವಿಗೆ ಒಬ್ಬರು. ಇಬ್ಬರು ಒಬ್ಬರಿಗೇ ಕೊಟ್ಟು ಇನ್ನೊಬ್ಬರು ಬರಿಗೈಲಿ ಉಳಿಯಬಾರದು. ತಟ್ಟೆ ಬೇಡ, ಎರಡೂ ಕೈಯಲ್ಲಿ ಪೊಟ್ಟಣ ಹಿಡಿಯಲಿ. ‘ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ’ ಎನ್ನುವುದನ್ನು ವಾರದ ಮೊದಲಿಂದ ಬೆಳಗಿನ ಹಾಜರಿಯ ಹೊತ್ತಿಗೆ ಹೇಳಿಸುತ್ತಾ ಬಂದಿದ್ದರೆ ಳಕಾರಕ್ಕೆ ನಾಲಿಗೆ ಮಡಚುವುದು ಇಷ್ಟರಲ್ಲಿ ರೂಢಿಯಾಗಿರುತ್ತದೆ. ನಾಚಿಕೊಳ್ಳುವ ಮಗುವನ್ನು ಬಲವಂತ ಮಾಡಬೇಡಿ, ಪೊಟ್ಟಣ ಕೈಗಿಟ್ಟು ಬಂದರೂ ಸರಿ. ಬಂದ ಮೇಲೆ ಎಲ್ಲರನ್ನೂ ಕೂರಿಸಿ ಪುಡಿ ಎಳ್ಳು ಬೆಲ್ಲ ಒಂದೊಂದು ಚಮಚ, ಒಂದು ಲೋಟ ನೀರು.

ರಜೆ ಮುಗಿದ ಮೇಲೆ

ಕಬ್ಬಿನ ಡಬ್ಬಗಳಿಗೆ ರಜೆಯಲ್ಲಿ ಯಾರು ನೀರು ಹಾಕುತ್ತಾರೆ ಎಂದು ಮೊದಲೇ ಗೊತ್ತುಮಾಡಿ. ಜನವರಿಯ ಚಳಿಗೆ ಮೊಳಕೆ ಮಣ್ಣಿಂದ ಮೇಲೆ ಬರಲು ಎರಡರಿಂದ ಮೂರು ವಾರ ಹಿಡಿಯುತ್ತದೆ. ಅಷ್ಟರೊಳಗೆ ಮಕ್ಕಳು ಕೆದಕಿ ನೋಡದಂತೆ ಡಬ್ಬಗಳನ್ನು ಕಾಣುವ ಆದರೆ ಕೈಗೆಟಕದ ಕಡೆ ಇಡಿ. ಮೊಳಕೆ ಬಂದ ಡಬ್ಬಕ್ಕೆ ಐಸ್‌ಕ್ರೀಂ ಕಡ್ಡಿ ಚುಚ್ಚಿ ಪ್ರತಿ ಸೋಮವಾರ ಎತ್ತರಕ್ಕೆ ಗೆರೆ ಹಾಕಿಸಿ. ಮೂರು ವಾರವಾದರೂ ಬಾರದ ತುಂಡನ್ನು ಮಕ್ಕಳ ಎದುರೇ ಅಗೆದು ಸೀಳಿ ತೋರಿಸಿ: ಒಳಗೆ ಕೆಂಪಗಾಗಿ ಹುಳಿ ವಾಸನೆ ಇದ್ದರೆ ನೀರು ಹೆಚ್ಚಾಗಿ ಕೊಳೆತಿದೆ, ಒಣಗಿ ಬೆಂಡಾಗಿದ್ದರೆ ನೀರು ಸಾಲದೆ ಹೋಗಿದೆ. ಸೀಳಿದ್ದನ್ನು ಗೊಬ್ಬರಕ್ಕೆ ಹಾಕಿ, ಬದುಕಿರುವುದನ್ನು ಫೆಬ್ರವರಿಯಲ್ಲಿ ಕಾಂಪೌಂಡ್ ಪಕ್ಕದ ನೆಲಕ್ಕೆ ಇಳಿಸಿ.